ತೆರೆಯ ಮೇಲಿನ ವೈದ್ಯವಿದ್ಯೆಯೂ ವಿದ್ಯಾರ್ಥಿಗಳ ಮನಃಕ್ಲೇಶವೂ

ಫರಂಗಿಪೇಟೆಯ ಹೆದ್ದಾರಿಯ ಬದಿಯಲ್ಲಿ ಬೆಳಗಿನ ಏಳು ಗಂಟೆಯ ಹೊತ್ತಿಗೆ ನಿಂತು ನೋಡುವವರಿಗೆ, ಮಡಿಸಿದ ಬಿಳಿಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಮಂಗಳೂರಿನ ಕಡೆಯ ಬಸ್ಸನ್ನು ಕಾಯುತ್ತಿರುವ ತರುಣ ತರುಣಿಯರ ಗುಂಪು ಅಪರಿಚಿತವಾದುದಲ್ಲ. ಅವರಲ್ಲಿ ಕಂಕನಾಡಿಗೆ ಹೋಗತಕ್ಕವರುಂಟು, ದೇರಳಕಟ್ಟೆಗೆ ಹೋಗತಕ್ಕವರುಂಟು, ವೆನ್ಲಾಕ್ ಆಸ್ಪತ್ರೆಯ ಮೆಟ್ಟಿಲನ್ನೇರತಕ್ಕವರೂ ಉಂಟು. ವೈದ್ಯ ಕಾಲೇಜುಗಳೂ ನರ್ಸಿಂಗ್ ಶಾಲೆಗಳೂ ಇಷ್ಟು ಒತ್ತಾಗಿರುವ ಜಿಲ್ಲೆಗಳು ದೇಶದಲ್ಲಿಯೇ ವಿರಳ. ಗದ್ದೆಯನ್ನು ಅಡವಿಟ್ಟಾದರೂ ಮಗಳನ್ನು ನರ್ಸಿಂಗ್ ಓದಿಸಬೇಕು, ಮಗನನ್ನು ಡಾಕ್ಟರನ್ನಾಗಿ ಮಾಡಬೇಕು ಎಂಬ ಆಸೆಯು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗೃಹಸ್ಥರಲ್ಲಿ ಜಾತಿಮತಗಳ ಭೇದವಿಲ್ಲದೆ ಬೇರೂರಿದೆ.

2020ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಆ ಬಸ್ಸುಗಳು ನಿಂತುವು. ಏಪ್ರಿಲ್ 19ರಂದು ಬಂಟ್ವಾಳದ ಮಹಿಳೆಯೊಬ್ಬರ ಮರಣದೊಂದಿಗೆ ಜಿಲ್ಲೆಯಲ್ಲಿ ಕೋವಿಡ್ ಮೃತರ ಲೆಕ್ಕವು ಆರಂಭವಾಯಿತು. ವೆನ್ಲಾಕ್ ಆಸ್ಪತ್ರೆಯು ಆ ರೋಗವೊಂದಕ್ಕೇ ಮೀಸಲಾಯಿತು. ಕೇರಳದ ವಿದ್ಯಾರ್ಥಿನಿಯರು ತಲಪಾಡಿಯ ಗಡಿಯನ್ನು ದಾಟಿ ತಮ್ಮ ಊರುಗಳನ್ನು ಸೇರಿದರು. ವೈದ್ಯವಿದ್ಯೆಯು ಆಸ್ಪತ್ರೆಯಿಂದ ಹೊರಟು ಮೊಬೈಲನ್ನು ಹೊಕ್ಕಿತು. ಮನೆಯ ಚಾವಡಿಯಲ್ಲಿ, ಹಿಂದೆ ಅಜ್ಜಿಯ ಕೆಮ್ಮು, ಮುಂದೆ ಬೆರಳಿನಗಲದ ಚೌಕದಲ್ಲಿ ಅಧ್ಯಾಪಕರ ಮುಖ. ಹೀಗೆ ಹೃದಯದ ಸದ್ದುಗಳ ಪಾಠವು ನಡೆಯಿತು. ಅಜ್ಜಿಯ ಎದೆಗೆ ಸ್ಟೆತಸ್ಕೋಪನ್ನಿಟ್ಟು ಕೇಳಬೇಕೆಂದು ಹುಡುಗಿಗೆ ತೋಚಲಿಲ್ಲ; ತೋಚಿದ್ದರೂ, ಕೇಳಿದುದು ಸರಿಯೋ ತಪ್ಪೋ ಎಂದು ಹೇಳುವವರು ಪಕ್ಕದಲ್ಲಿರಲಿಲ್ಲ.

ಅಂದು ಹಾಗೆ ಮಾಡಿದುದು ತಪ್ಪೆಂದು ವಿವೇಕಿಗಳಾರೂ ಹೇಳಲಾರರು. ಆಪತ್ಕಾಲಕ್ಕೆ ಆಪದ್ಧರ್ಮವುಂಟು. ಆದರೆ ಆಪದ್ಧರ್ಮವನ್ನು ನಿತ್ಯಧರ್ಮವೆಂದು ಸ್ಥಾಪಿಸಹೊರಡುವುದು ಬೇರೆಯ ಮಾತು. ಮಾರಿಯು ಹೋದ ಮೇಲೆಯೂ, ಆನ್‌ಲೈನ್ ಪಾಠವು ಅಗ್ಗವಾದುದು, ಒಮ್ಮೆ ಧ್ವನಿಮುದ್ರಿಸಿದ ಉಪನ್ಯಾಸವನ್ನು ನೂರು ಬಾರಿ ಉಪಯೋಗಿಸಬಹುದು, ಒಬ್ಬ ಅಧ್ಯಾಪಕನು ಸಾವಿರ ಮಂದಿಗೆ ಕಲಿಸಬಹುದು, ಆದುದರಿಂದ ಇದನ್ನೇ ಮುಂದುವರಿಸಬೇಕು ಎಂದು ವಾದಿಸುವವರು ಹುಟ್ಟಿಕೊಂಡಿದ್ದಾರೆ. ಇವರ ಬೆನ್ನಿಗೆ ಇನ್ನೊಂದು ಪಕ್ಷದವರಿದ್ದಾರೆ: ಆ ವರ್ಷಗಳಲ್ಲಿ ಕಲಿತ ವಿದ್ಯಾರ್ಥಿಗಳಲ್ಲಿ ಕಾಣುವ ನಿದ್ರಾನಾಶ, ಭಯ, ಉತ್ಸಾಹಭಂಗಗಳು ಕೇವಲ ಮನೋದೌರ್ಬಲ್ಯ, ಹಿಂದಿನವರು ಲಾಟೀನಿನ ಬೆಳಕಿನಲ್ಲಿ ಓದಿ ಡಾಕ್ಟರಾಗಲಿಲ್ಲವೇ, ಇಂದಿನ ಮಕ್ಕಳು ಬೆಣ್ಣೆಯಲ್ಲಿ ಬೆಳೆದವರು, ಎಂದು ಇವರು ತೀರ್ಪು ಕೊಡುತ್ತಾರೆ. ಮೂರನೆಯ ಪಕ್ಷದವರು ದಯಾಳುಗಳು. ವಿದ್ಯಾರ್ಥಿಗಳಿಗೆ ಮನೋವ್ಯಾಧಿಯೇ ಬಂದಿದೆಯೆಂದು ಒಪ್ಪಿ, ಆ ವ್ಯಾಧಿಗೆ ಮದ್ದಾಗಿ ಅದೇ ತೆರೆಯ ಮೇಲೆ ಒಂದು ಗಂಟೆಯ ‘ಒತ್ತಡ ನಿರ್ವಹಣೆ’ಯ ಉಪನ್ಯಾಸವನ್ನು ಏರ್ಪಡಿಸುತ್ತಾರೆ. ಕಣ್ಣುರಿಗೆ ಹೊಗೆಯೇ ಔಷಧವೆಂದಂತಾಯಿತು.

ಮೂರು ಪಕ್ಷಗಳೂ ಒಂದು ವಿಷಯವನ್ನು ಮರೆತಿವೆ. ಆ ವಿದ್ಯಾರ್ಥಿಗಳ ಕ್ಲೇಶದಲ್ಲಿ ರೋಗದ ಪಾಲು ಎಷ್ಟೇ ಇರಲಿ, ಸತ್ಯದ ಪಾಲೊಂದಿದೆ. ತಾನು ಕಲಿಯಲಿಲ್ಲ, ಆದರೂ ಕಲಿತವನೆಂದು ಮುದ್ರೆಯೊತ್ತಿ ಕಳುಹಿಸಿದ್ದಾರೆ ಎಂಬ ಅರಿವು ಪ್ರಾಮಾಣಿಕನಾದವನ ನಿದ್ರೆಯನ್ನು ಕೆಡಿಸಲೇಬೇಕು. ಕೆಡಿಸದಿದ್ದರೆ ಅಂಥವನ ಕೈಯಲ್ಲಿ ಯಾರೂ ತಮ್ಮ ನಾಡಿಯನ್ನು ಕೊಡತಕ್ಕದ್ದಲ್ಲ. ಈ ಅರಿವನ್ನು ವ್ಯಾಧಿಯೆಂದು ಕರೆದು, ಅದರ ಕಾರಣವನ್ನು ಹಾಗೆಯೇ ಬಿಟ್ಟು, ಸಾಂತ್ವನದ ಮಾತುಗಳಿಂದ ಮಲಗಿಸಲೆಳಸುವುದು ವಿದ್ಯಾರ್ಥಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಇದು ಹೊಸತಾಗಿ ಕಂಡುಹಿಡಿದ ಸಂಗತಿಯಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಮೂರನೆಯ ಅಧ್ಯಾಯದಲ್ಲಿಯೇ, ಶಾಸ್ತ್ರವನ್ನು ಮಾತ್ರ ಬಲ್ಲವನಾಗಿ ಕರ್ಮದಲ್ಲಿ ನುರಿಯದ ವೈದ್ಯನು ರೋಗಿಯೆದುರಿಗೆ ಬಂದಾಗ, ಯುದ್ಧಭೂಮಿಗೆ ಬಂದ ಅಂಜುಬುರುಕನಂತೆ ಮೋಹಕ್ಕೊಳಗಾಗುವನೆಂದು ಹೇಳಿದೆ. ಇಲ್ಲಿ ‘ಮೋಹ’ವೆಂದರೆ ಪ್ರೀತಿಯಲ್ಲ, ಬುದ್ಧಿಯು ಕಂಗೆಟ್ಟು ಕೈಕಾಲು ಆಡದಿರುವ ಅವಸ್ಥೆ. ಇಂದಿನ ಮನೋವೈದ್ಯರು ಯಾವುದನ್ನು ಆತಂಕವೆನ್ನುವರೋ ಅದಕ್ಕೆ ತೀರ ಸಮೀಪದ ವಸ್ತು. ಕಲಿಕೆಯ ಕೊರತೆಗೂ ಮನಸ್ಸಿನ ಕಂಗೆಡಿಕೆಗೂ ಇರುವ ಸಂಬಂಧವನ್ನು ಆ ಗ್ರಂಥವು ಸಾವಿರಾರು ವರ್ಷಗಳ ಕೆಳಗೆಯೇ ಕಂಡುಕೊಂಡಿತ್ತು. ಕಂಡುಕೊಂಡು ಸುಮ್ಮನಿರದೆ ಪರಿಹಾರವನ್ನೂ ಹೇಳಿತು. ಒಂಬತ್ತನೆಯ ಅಧ್ಯಾಯವಾದ ಯೋಗ್ಯಾಸೂತ್ರೀಯವು ಪೂರ್ತಿಯಾಗಿ ಕೈಯ ಅಭ್ಯಾಸಕ್ಕೇ ಮೀಸಲು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು; ಸೀಳುವುದನ್ನು ನೀರು ತುಂಬಿದ ತೊಗಲಿನ ಚೀಲದ ಮೇಲೆ; ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ; ಹೊಲಿಯುವುದನ್ನು ಬಟ್ಟೆ ಮತ್ತು ಮೆದುವಾದ ಚರ್ಮದ ಮೇಲೆ; ಪಟ್ಟಿ ಕಟ್ಟುವುದನ್ನು ಮನುಷ್ಯಾಕೃತಿಯ ಬೊಂಬೆಯ ಮೇಲೆ. ಶಾರೀರಸ್ಥಾನದಲ್ಲಿಯಂತೂ ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ದಿನ ನೆನೆಯಿಸಿ, ಬಳಿಕ ಪದರಪದರವಾಗಿ ಕಣ್ಣಾರೆ ನೋಡಬೇಕೆಂಬ ವಿಧಿಯಿದೆ. ಕುಂಬಳಕಾಯಿಯು ಯಾವ ಮನೆಯ ಅಡುಗೆಕೋಣೆಯಲ್ಲಿಲ್ಲ? 2020ರ ಆ ದೀರ್ಘವಾದ ಮಳೆಗಾಲದಲ್ಲಿ, ಒಂದು ಕುಂಬಳಕಾಯಿಯನ್ನು ಮುಂದಿಟ್ಟುಕೊಂಡು ಚೂರಿಯನ್ನು ಹಿಡಿಯುವ ಬಗೆಯನ್ನಾದರೂ ಕಲಿಯಿರೆಂದು ಹೇಳುವ ಗುರುಗಳು ಹೆಚ್ಚು ಮಂದಿ ಇದ್ದಿದ್ದರೆ ಎಷ್ಟೋ ಲೇಸಾಗುತ್ತಿತ್ತು. ಬದಲಾಗಿ ಚಿತ್ರಗಳ ಮೇಲೆ ಚಿತ್ರಗಳು ಸರಿದುವು.

ಹಾಗೆಂದು ಇದನ್ನು ಪ್ರಾಚೀನರ ಹಠವೆಂದು ತಳ್ಳುವಂತಿಲ್ಲ. 1836ರಲ್ಲಿ ಕಲ್ಕತ್ತೆಯ ವೈದ್ಯ ಕಾಲೇಜಿನಲ್ಲಿ ಸಮಾಜದ ಕೋಪಕ್ಕೆ ಅಂಜದೆ ಶವವನ್ನು ಛೇದಿಸಿದ ಮಧುಸೂದನ ಗುಪ್ತರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಓದಿ ಓದಿಸಿದವರು. ಪುಸ್ತಕದ ಪಂಡಿತರಾಗಿದ್ದೂ ಪುಸ್ತಕವು ಸಾಲದೆಂಬುದನ್ನು ಅವರು ಬಲ್ಲವರಾಗಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಕಾಲೇಜಿನಲ್ಲಿ ಹಿಂದಿನ ಶತಮಾನಕ್ಕೂ ಹಿಂದಿನ ಶತಮಾನದ ಅಂತ್ಯದಲ್ಲಿ ವಿಲಿಯಂ ಆಸ್ಲರ್ ಎಂಬ ಮಹಾವೈದ್ಯನು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೋಣೆಯಿಂದೆಬ್ಬಿಸಿ ರೋಗಿಯ ಮಂಚದ ಬದಿಗೆ ಕರೆತಂದುದೇ ಆತನ ಕೀರ್ತಿಗೆ ಕಾರಣ. ಅಷ್ಟು ದೂರವೇಕೆ? ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯ ಕಾಲೇಜನ್ನು ತೆರೆದಾಗ ಕಟ್ಟಡವನ್ನು ಕಟ್ಟಿಸಬಹುದಾಗಿತ್ತು, ಅಧ್ಯಾಪಕರನ್ನು ಕರೆಸಬಹುದಾಗಿತ್ತು. ಆದರೆ ರೋಗಿಗಳ ಮಂಚಗಳಿಲ್ಲದೆ ಕಾಲೇಜು ನಡೆಯಲಾರದು. ಆದುದರಿಂದಲೇ 1955ರಿಂದ ವಿದ್ಯಾರ್ಥಿಗಳು ಮಂಗಳೂರಿಗೆ ಬಂದು ಸರಕಾರದ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ ಕಲಿಯುವ ಏರ್ಪಾಡಾಯಿತು. ಈ ಜಿಲ್ಲೆಯ ವೈದ್ಯಶಿಕ್ಷಣದ ಚರಿತ್ರೆಯೇ ಬಡವರ ಮಂಚದ ಬದಿಯಲ್ಲಿ ಹುಟ್ಟಿದುದು. ಉಜಿರೆಯಲ್ಲಿ 1989ರಿಂದ ನಡೆಯುತ್ತಿರುವ ಪ್ರಕೃತಿಚಿಕಿತ್ಸಾ ಕಾಲೇಜಿನಲ್ಲಿ ಕಲಿಸುವ ಅಂಗಮರ್ದನ, ಜಲಚಿಕಿತ್ಸೆಗಳನ್ನು ಮುಟ್ಟದೆ ಕಲಿಯುವ ಉಪಾಯವನ್ನು ಯಾವ ಯಂತ್ರವೂ ಇನ್ನೂ ಹೇಳಿಕೊಟ್ಟಿಲ್ಲ.

ಕಾಲದ ವಿಪರ್ಯಾಸವನ್ನೂ ನೋಡತಕ್ಕದ್ದು. ವೈದ್ಯಶಿಕ್ಷಣದಲ್ಲಿ ಹಳೆಯ ಕಂಠಪಾಠವನ್ನು ಕಡಿಮೆ ಮಾಡಿ, ಮೊದಲ ವರ್ಷದಿಂದಲೇ ರೋಗಿಯ ಸಂಪರ್ಕವನ್ನು ಕಲ್ಪಿಸಬೇಕೆಂಬ ಹೊಸ ಪಠ್ಯಕ್ರಮವು ಭಾರತದಲ್ಲಿ 2019ರ ಆಗಸ್ಟಿನಲ್ಲಿ ಜಾರಿಗೆ ಬಂತು. ಅದರಲ್ಲಿ ಶವವೇ ವಿದ್ಯಾರ್ಥಿಯ ಮೊದಲ ಗುರುವೆಂಬ ಭಾವನೆಯನ್ನು ಬೆಳೆಯಿಸುವ ಪಾಠವೂ ಉಂಟು. ಆ ಪಠ್ಯಕ್ರಮದ ಮೊದಲ ತಂಡವು ಏಳು ತಿಂಗಳನ್ನೂ ಪೂರೈಸುವಷ್ಟರಲ್ಲಿ ಕಾಲೇಜುಗಳು ಮುಚ್ಚಿದುವು. ಮುಂದಿನ ತಂಡದವರಿಗೆ ಪ್ರವೇಶ ಪರೀಕ್ಷೆಯೇ 2020ರ ಸೆಪ್ಟೆಂಬರ್ 13ರವರೆಗೆ ಮುಂದೆ ಹೋಗಿ, ಪಾಠವು 2021ರ ಫೆಬ್ರವರಿಯಲ್ಲಿ ಆರಂಭವಾಗಿ, ಎರಡು ಮೂರು ತಿಂಗಳಲ್ಲಿಯೇ ಎರಡನೆಯ ಅಲೆಯು ಅಪ್ಪಳಿಸಿತು. ಮೊದಲ ಗುರುವಿನ ದರ್ಶನವೂ ತೆರೆಯ ಮೇಲೆಯೇ ಆಯಿತು.

ತೆರೆಯಾದರೂ ಎಲ್ಲರಿಗೂ ಇತ್ತೇ? ಸುಳ್ಯ ತಾಲೂಕಿನ ಗುತ್ತಿಗಾರಿನ ಬಳಿಯ ಬಳ್ಳಕದಲ್ಲಿ, 2021ರ ಜೂನಿನ ಮಳೆಯಲ್ಲಿ, ಸಿಗ್ನಲಿಗಾಗಿ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳ ತಲೆಯ ಮೇಲೆ ತಂದೆಯು ಕೊಡೆಯನ್ನು ಹಿಡಿದು ನಿಂತ ಚಿತ್ರವನ್ನು ದೇಶವೇ ಕಂಡಿತು. ಆಕೆ ಹೈಸ್ಕೂಲಿನ ಹುಡುಗಿ. ಗಣಿತವನ್ನೋ ಚರಿತ್ರೆಯನ್ನೋ ಮತ್ತೆ ಓದಿಕೊಳ್ಳಬಹುದು. ಅಂಥ ಗುಡ್ಡದ ಬದಿಯಲ್ಲಿಯೇ ಹೆರಿಗೆಯ ಪಾಠವನ್ನು ಕೇಳುತ್ತಿರುವ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಧ್ಯಾಪಕರ ಮಾತು ಅರ್ಧದಲ್ಲಿ ಕಡಿಯಿತು. ಮಗುವಿನ ತಲೆ ಹೊರಬಂದ ಮೇಲೆ ಏನು ಮಾಡಬೇಕೆಂಬುದು ಆಕೆಗೆ ಕೇಳಿಸಲೇ ಇಲ್ಲ. ಹಾಜರಿಯು ಮಾತ್ರ ದಾಖಲಾಯಿತು. ಶುಲ್ಕವೂ ಅನೇಕ ಕಡೆಗಳಲ್ಲಿ ಪೂರ್ತಿಯಾಗಿಯೇ ಸಂದಿತು.

ಇಂತಿರಲು 2021ರ ಮೇ 3ರಂದು ಕೇಂದ್ರ ಸರಕಾರದ ನಿರ್ಣಯವು ಹೊರಟಿತು: ಅಂತಿಮ ವರ್ಷದ ವೈದ್ಯ ವಿದ್ಯಾರ್ಥಿಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ದೂರವಾಣಿಯ ಸಲಹೆಗೂ ಸೌಮ್ಯ ರೋಗಿಗಳ ನಿಗಾ ನೋಡುವುದಕ್ಕೂ ಉಪಯೋಗಿಸಿಕೊಳ್ಳಬಹುದು. ನಿನ್ನೆಯವರೆಗೆ ವಾರ್ಡಿಗೆ ಬರಬೇಡಿರೆಂದು ಕೇಳಿಸಿಕೊಂಡಿದ್ದವರು ಇಂದು ಬನ್ನಿರೆಂಬ ಕರೆಯನ್ನು ಕೇಳಿದರು. ಅವರು ಬಂದರು, ಅದು ಅವರ ಹಿರಿಮೆ. ಆದರೆ ಆ ಕರೆಯು ಬಂದ ರಾತ್ರಿಯ ಭಯವನ್ನು ಮನೋದೌರ್ಬಲ್ಯವೆನ್ನುವವರು, ಈಜು ಕಲಿಯದ ಮಗುವನ್ನು ನೆರೆಬಂದ ನೇತ್ರಾವತಿಗೆ ತಳ್ಳಿ, ಅದು ಅಳುವುದನ್ನು ಹೇಡಿತನವೆನ್ನುವವರೇ ಸರಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. ರಾಷ್ಟ್ರೀಯ ವೈದ್ಯಕೀಯ ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಸುರೇಶ್ ಬಡಾ ಮಠ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಕಾರ್ಯಪಡೆಯ ವರದಿಯು 2024ರಲ್ಲಿ ಹೊರಬಂತು. ಅದರ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇಕಡಾ 27.8 ಮಂದಿಯೂ, 5,337 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡಾ 15.3 ಮಂದಿಯೂ ತಮಗೆ ಮಾನಸಿಕ ಕಾಯಿಲೆಯಿರುವುದಾಗಿ ಹೇಳಿಕೊಂಡರು. ಪ್ರಾಣವನ್ನು ಕಳೆದುಕೊಳ್ಳುವ ಯೋಚನೆಯು ತಮಗೆ ಬಂದುದುಂಟೆಂದವರು ಪದವಿಯವರಲ್ಲಿ ಶೇಕಡಾ 16.2, ಸ್ನಾತಕೋತ್ತರದವರಲ್ಲಿ ಶೇಕಡಾ 31.2. (ಈ ಸಮೀಕ್ಷೆಯೂ ಆನ್‌ಲೈನಿನಲ್ಲಿಯೇ ನಡೆಯಿತೆಂಬುದು ಬೇರೆಯ ಮಾತು.) ಆಕ್ಷೇಪವು ಹೀಗಿದೆ: ಸ್ನಾತಕೋತ್ತರ ವಿದ್ಯಾರ್ಥಿಗಳು ಹಗಲಿರುಳು ರೋಗಿಯ ಮಂಚದ ಬದಿಯಲ್ಲಿಯೇ ಇರುವವರು. ಕೈಯ ಕಲಿಕೆಯೇ ಮನಸ್ಸಿಗೆ ಮದ್ದಾದರೆ, ಬಾಳೇ ಬೇಡವೆಂಬ ಯೋಚನೆಯು ಇವರಲ್ಲಿ ಇಮ್ಮಡಿಯಾಗಿರುವುದೇಕೆ?

ಆಕ್ಷೇಪವು ಯುಕ್ತವಾದುದೇ. ಆ ಅಂಕಿಗಳಿಂದ ತೆರೆಯ ಪಾಠವೊಂದೇ ಅಪರಾಧಿಯೆಂದು ಸಾಧಿಸಲಾಗದು, ಸಾಧಿಸಬೇಕಾದುದೂ ಇಲ್ಲ. ಆದರೆ ಸ್ನಾತಕೋತ್ತರದವರ ಪಾಡನ್ನು ನೋಡಬೇಕು. ಅವರ ಪ್ರವೇಶ ಪರೀಕ್ಷೆಯು 2021ರಲ್ಲಿ ಸೆಪ್ಟೆಂಬರಿಗೆ ತಳ್ಳಲ್ಪಟ್ಟಿತು; ಆಯ್ಕೆಯು 2022ರ ಜನವರಿಯವರೆಗೆ ಆರಂಭವಾಗಲಿಲ್ಲ. ಒಂದು ತಂಡವೇ ಇಲ್ಲದಂತಾಗಿ ಇಬ್ಬರ ಕೆಲಸವು ಒಬ್ಬನ ಬೆನ್ನಿಗೆ ಬಿತ್ತು. ವಾರಕ್ಕೆ 74 ಗಂಟೆಗಳನ್ನು ಮೀರದಂತೆ ದುಡಿಸಬೇಕೆಂದು ಅದೇ ಕಾರ್ಯಪಡೆಯು ಶಿಫಾರಸು ಮಾಡಬೇಕಾಯಿತೆಂದರೆ, ಅದಕ್ಕಿಂತ ಎಷ್ಟು ಮೀರಿ ದುಡಿಸುತ್ತಿದ್ದರೆಂಬುದನ್ನು ವಾಚಕರೇ ಊಹಿಸಬಹುದು. ಅಲ್ಲಿ ರೋಗಿಯಿದ್ದಾನೆ, ಕೈಗೆ ಕೆಲಸವಿದೆ. ಹೆಗಲಿನ ಮೇಲೆ ಕೈಯಿಡುವ ಗುರುವಿಲ್ಲ. ತೆರೆಯ ಪಾಠದಲ್ಲಿ ಗುರುವಿನ ಧ್ವನಿಯಿದೆ, ರೋಗಿಯಿಲ್ಲ. ಎರಡೂ ಕಡೆಗಳಲ್ಲಿ ತರುಣನು ಒಂಟಿಯೇ. ಆದಕಾರಣ ಈ ಎರಡು ಸಂಕಟಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಗುರು, ರೋಗಿ, ಶಿಷ್ಯ, ಈ ಮೂವರೂ ಒಂದೇ ಮಂಚದ ಸುತ್ತ ಇರಬೇಕೆಂಬುದನ್ನೇ ಎರಡು ದಿಕ್ಕಿನಿಂದ ಹೇಳುತ್ತವೆ.

ನಾಲ್ಕನೆಯದಾಗಿ ಸಹಪಾಠಿಗಳು. ಚರಕ ಸಂಹಿತೆಯ ವಿಮಾನಸ್ಥಾನವು ಸಮಾನ ವಿದ್ಯೆಯವರೊಡನೆ ನಡೆಸುವ ಸಂಭಾಷೆಯನ್ನು ಜ್ಞಾನದ ಉಪಾಯಗಳಲ್ಲಿ ಒಂದೆಂದು ಎಣಿಸಿದೆ. ವೇದಪಾಠಶಾಲೆಗಳಲ್ಲಿ ಸಂತೆ ಹೇಳಿಸಿಕೊಳ್ಳುವಾಗ ಒಬ್ಬನು ಸ್ವರ ತಪ್ಪಿದರೆ ಪಕ್ಕದವನು ನಗುತ್ತಾನೆ; ಆ ನಗುವಿನಲ್ಲಿ ತಿದ್ದುಪಡಿಯೂ ಉಂಟು, ನಿನ್ನಂತೆಯೇ ನಾನೂ ನಿನ್ನೆ ತಪ್ಪಿದೆನೆಂಬ ಸಮಾಧಾನವೂ ಉಂಟು. ಶವಚ್ಛೇದದ ಮೇಜಿನ ಸುತ್ತ ನಿಂತ ಎಂಟು ಹತ್ತು ಮಂದಿಯಲ್ಲಿ ಒಬ್ಬನಿಗೆ ತಲೆ ತಿರುಗಿದರೆ ಇನ್ನೊಬ್ಬನು ನೀರು ಕೊಡುತ್ತಾನೆ. ಸಂಜೆ ಹಾಸ್ಟೆಲಿನಲ್ಲಿ ಚಹದ ಜೊತೆಗೆ ಆ ದಿನದ ಹೆದರಿಕೆಯೂ ಕರಗುತ್ತದೆ. ತನ್ನ ಮನೆಯ ಕೋಣೆಯಲ್ಲಿ ಬಾಗಿಲನ್ನಿಕ್ಕಿಕೊಂಡು ಪಾಠ ಕೇಳುವವನಿಗೆ, ಉಳಿದವರೆಲ್ಲರೂ ಕಲಿತರು, ತಾನೊಬ್ಬನೇ ಹಿಂದುಳಿದೆನೆಂಬ ಭ್ರಮೆಯು ಬೆಳೆಯುತ್ತದೆ. ಅದನ್ನು ಕಳೆಯುವ ಸುಲಭೋಪಾಯವು ಇನ್ನೊಬ್ಬನ ಸಪ್ಪೆ ಮೋರೆಯನ್ನು ನೋಡುವುದೇ ಆಗಿತ್ತು, ಅದೂ ತಪ್ಪಿತು. ತೆರೆಯ ಮೇಲೆ ಕ್ಯಾಮರಾವನ್ನು ಮುಚ್ಚಿದರೆ ಎಲ್ಲರ ಮೋರೆಯೂ ಒಂದೇ ಕಪ್ಪು ಚೌಕ.

ದೂರದಿಂದ ಕಲಿಸುವುದೆಲ್ಲವೂ ತ್ಯಾಜ್ಯವೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ನಿಮ್ಹಾನ್ಸ್ ಸಂಸ್ಥೆಯು 2018ರಲ್ಲಿ ಆರಂಭಿಸಿದ ಡಿಜಿಟಲ್ ಅಕಾಡೆಮಿಯು ಊರೂರುಗಳ ವೈದ್ಯರಿಗೆ ಮನೋರೋಗಗಳ ಚಿಕಿತ್ಸೆಯನ್ನು ತೆರೆಯ ಮೂಲಕವೇ ಕಲಿಸುತ್ತಿದೆ. ಅದು ಫಲಿಸಬಲ್ಲದು, ಏಕೆಂದರೆ ಅಲ್ಲಿ ಕಲಿಯತಕ್ಕವರು ಆಗಲೇ ವೈದ್ಯರು, ಅವರ ಮುಂದೆ ಆಗಲೇ ರೋಗಿಗಳಿದ್ದಾರೆ, ಬೆಳಗ್ಗೆ ಕೇಳಿದುದನ್ನು ಸಂಜೆ ಪ್ರಯೋಗಿಸಿ ಮರುದಿನ ಸಂಶಯವನ್ನು ಕೇಳಬಲ್ಲರು. ನಡೆಯಬಲ್ಲವನಿಗೆ ದಾರಿಯನ್ನು ದೂರದಿಂದ ತೋರಿಸಬಹುದು. ನಡಿಗೆಯನ್ನು ಕಲಿಸಬೇಕಾದರೆ ಕೈಹಿಡಿಯಬೇಕು. ಈ ಭೇದವನ್ನು ಅರಿಯದೆ ಒಂದರ ಯಶಸ್ಸನ್ನು ಇನ್ನೊಂದಕ್ಕೆ ಆಧಾರವಾಗಿ ಹಿಡಿಯುವುದು ತರ್ಕದೋಷ.

ಕೇವಲ ತೆರೆಯ ಮೇಲೆ ಓದಿದ ವೈದ್ಯಪದವಿಯನ್ನು ಅಂಗೀಕರಿಸಲಾಗದೆಂದು ವಿದೇಶಗಳಿಂದ ಮರಳಿದ ವಿದ್ಯಾರ್ಥಿಗಳ ವಿಷಯದಲ್ಲಿ ಆಯೋಗವೇ ಹೇಳಿದೆ. ಹೊರದೇಶದ ತೆರೆಯು ಅಮಾನ್ಯವಾದರೆ ಸ್ವದೇಶದ ತೆರೆಯು ಹೇಗೆ ಮಾನ್ಯವಾಯಿತೆಂದು ಕೇಳುವವರಿಗೆ, ಇಲ್ಲಿ ಆದುದು ಕೆಲವು ತಿಂಗಳ ಮಾತೆಂಬ ಉತ್ತರವು ದೊರೆಯುತ್ತದೆ. ಉತ್ತರವು ಸುಳ್ಳಲ್ಲ. ಆ ಕೆಲವು ತಿಂಗಳುಗಳನ್ನು ಕೈಯ ಕೆಲಸದಿಂದ ತುಂಬಿಕೊಟ್ಟರೇ ಎಂಬುದೇ ಪ್ರಶ್ನೆ.

ಹೊರದೇಶದ ಮಾತು ಬಂದುದರಿಂದ ಹಾವೇರಿ ಜಿಲ್ಲೆಯ ಚಳಗೇರಿಯನ್ನು ಇಲ್ಲಿ ಸ್ಮರಿಸಬೇಕಾಗಿದೆ. ಆ ಊರಿನ ವಿದ್ಯಾರ್ಥಿಯೊಬ್ಬನು ಯುಕ್ರೇನಿನ ಖಾರ್ಕೀವ್ ನಗರದಲ್ಲಿ ವೈದ್ಯವಿದ್ಯೆಯನ್ನು ಓದುತ್ತಿದ್ದಾಗ, 2022ರ ಮಾರ್ಚ್ 1ರಂದು, ಆಹಾರ ಪದಾರ್ಥಗಳನ್ನು ತರಲೆಂದು ಹೋಗಿ ಯುದ್ಧದ ದಾಳಿಗೆ ತುತ್ತಾದನು. ಮೂರು ವಾರಗಳ ಬಳಿಕ ಮಾರ್ಚ್ 21ರಂದು ದೇಹವು ಊರಿಗೆ ಬಂತು. ತಂದೆತಾಯಿಗಳು ಪೂಜೆಯನ್ನು ನೆರವೇರಿಸಿ ಆ ದೇಹವನ್ನು ದಾವಣಗೆರೆಯ ಎಸ್. ಎಸ್. ವೈದ್ಯ ಕಾಲೇಜಿಗೆ ದಾನವಾಗಿ ಕೊಟ್ಟರು. ವೈದ್ಯನಾಗಲಾರದೆ ಹೋದ ಮಗನ ದೇಹವಾದರೂ ಇತರರ ಮಕ್ಕಳು ವೈದ್ಯರಾಗುವುದಕ್ಕೆ ಒದಗಲಿ ಎಂಬುದು ಅವರ ಭಾವ. ವೈದ್ಯರಾಗುವ ಬಗೆ ಯಾವುದೆಂಬುದು ಆ ಗ್ರಾಮಸ್ಥ ದಂಪತಿಗಳಿಗೆ ತಿಳಿದಿತ್ತು. ಮಗನ ಛಾಯಾಚಿತ್ರವನ್ನು ಅವರು ಕಳುಹಿಸಲಿಲ್ಲ.

ಈಗ ಮಾಡಬೇಕಾದುದೇನು? ಆ ವರ್ಷಗಳಲ್ಲಿ ಓದಿದ ತರುಣರಲ್ಲಿ ಬಹುಮಂದಿ ಇಂದು ಆಸ್ಪತ್ರೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳ ಮುಂದೆ ಕುಳಿತಿದ್ದಾರೆ. ತನಗೆ ಇಂಥದು ಬಾರದೆಂದು ಹೇಳಿಕೊಳ್ಳುವವನಿಗೆ ಅವಮಾನವಿಲ್ಲದೆ, ಶುಲ್ಕವಿಲ್ಲದೆ, ಮತ್ತೆ ಕೆಲವು ವಾರ ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶವನ್ನು ಕಾಲೇಜುಗಳು ತೆರೆದಿಡಬೇಕು. ನರ್ಸುಗಳಿಗಂತೂ ಇದು ಇನ್ನೂ ಆವಶ್ಯಕ. ಅವರ ಪರವಾಗಿ ಮಾತನಾಡುವವರೇ ಕಡಿಮೆ. ಉಪನ್ಯಾಸಗಳನ್ನು ಮುದ್ರಿಸಿಡುವುದಾದರೆ ಇಡಲಿ. ಅದರಿಂದ ಉಳಿದ ಅಧ್ಯಾಪಕರ ಹೊತ್ತನ್ನು ವಾರ್ಡಿಗೆ ಕೊಡಲಿ, ಲೆಕ್ಕದ ಪುಸ್ತಕಕ್ಕಲ್ಲ. ಸಾಂತ್ವನ ಹೇಳುವ ಸಲಹೆಗಾರರು ಬೇಡವೆಂದಲ್ಲ. ಅವರು ಕಾಲೇಜಿನಲ್ಲಿಯೇ ಒಂದು ಕೋಣೆಯಲ್ಲಿ ಕುಳಿತು, ಅಲ್ಲಿ ಹೋದವನ ಹೆಸರು ಪ್ರಾಂಶುಪಾಲರ ಮೇಜಿಗೆ ಹೋಗದಂತೆ ನೋಡಿಕೊಳ್ಳಬೇಕು.

ಮನೆಗಳಲ್ಲಿಯೂ ಒಂದು ಕೆಲಸವಿದೆ. ಮಗಳು ಊಟ ಬಿಟ್ಟಳು, ಮಗನು ಕೋಣೆಯಿಂದ ಹೊರಬರುವುದಿಲ್ಲ ಎಂದಾಗ, ಮದುವೆಯ ಮಾತುಕತೆಗೆ ಕುತ್ತು ಬಂದೀತೆಂದು ಮುಚ್ಚಿಡುವ ಪದ್ಧತಿಯು ಸುಶಿಕ್ಷಿತರ ಮನೆಗಳಲ್ಲಿಯೇ ಹೆಚ್ಚು. ಡಾಕ್ಟರಾಗತಕ್ಕವನಿಗೆ ಡಾಕ್ಟರೇತಕ್ಕೆ ಎಂಬ ಮಾತೂ ಕೇಳಿಬರುತ್ತದೆ. ಕ್ಷೌರಿಕನು ತನ್ನ ತಲೆಯನ್ನು ತಾನೇ ಬೋಳಿಸಿಕೊಳ್ಳಲಾರನೆಂಬುದನ್ನು ಬಲ್ಲವರೇ ಹೀಗೆನ್ನುತ್ತಾರೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯಿದೆಯು, ಪ್ರಾಣ ಕಳೆದುಕೊಳ್ಳಲೆಳಸಿದವನನ್ನು ಅಪರಾಧಿಯೆಂದಲ್ಲ, ತೀವ್ರವಾದ ಸಂಕಟದಲ್ಲಿರುವವನೆಂದೇ ಭಾವಿಸಬೇಕೆನ್ನುತ್ತದೆ. ಕಾಯಿದೆಗಿರುವಷ್ಟು ಕರುಣೆ ಚಾವಡಿಯಲ್ಲಿಯೂ ಇರಬಹುದು. ಊರಿನಲ್ಲಿ ಹೇಳಿಕೊಳ್ಳಲಾಗದ ಮಾತಿಗೆ 2022ರ ಅಕ್ಟೋಬರಿನಿಂದ ಸರಕಾರದ ಟೆಲಿ ಮಾನಸ್ ದೂರವಾಣಿಯಿದೆ; ಸಂಖ್ಯೆ 14416. ಹಗಲಿರುಳೂ ಕರೆಯಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣವಿಲ್ಲ. ಆ ಸಂಖ್ಯೆಯನ್ನು ದೂರವಾಣಿಯ ಬಳಿ ಬರೆದಿಟ್ಟು, ಮರುದಿನ ಬೆಳಗ್ಗೆ ಫರಂಗಿಪೇಟೆಯಿಂದ ಬಸ್ಸು ಹತ್ತುವ ಹುಡುಗಿಯೊಡನೆ ತಂದೆಯೋ ತಾಯಿಯೋ ಜಿಲ್ಲಾಸ್ಪತ್ರೆಯ ಮನೋವೈದ್ಯರ ಕೋಣೆಯವರೆಗೆ ಹೋಗಿಬರಲಿ. ಅರ್ಧ ಗಂಟೆಯ ದಾರಿ.